ಗೌರಿಯೋ ಮಿಂಚುಳ್ಳಿಯೋ

ದೀಪಾವಳಿ ಕಳೆದು ಹತ್ತು ದಿನವೂ ಆಗಿರಲಿಲ್ಲ, ಆ ಬೆಳಿಗ್ಗೆ ಮುಂಬಯಿಗೆ ಅಪರೂಪದ ಮಂಜು, ಅಪೋಲೋ ಬಂದರಿನ ಕಲ್ಲುಕಟ್ಟೆಯ ಮೇಲೆ ನಿಂತ ಅಣ್ಣುವಿಗೆ ಸಮುದ್ರವೇ ಕಾಣಿಸುತ್ತಿಲ್ಲ, ಮಂಜಿನ ಮೇಲೆ ಎರಡು ಹಾಯಿಕಂಬಗಳ ತುದಿ ಮಾತ್ರ, ಎಡಗಡೆಯದು ಮಿಂಚುಳ್ಳಿ, ಬಲಗಡೆಯದು ಗೌರಿ — ಬಲ ಎಂದರೆ ಯಾರ ಬಲ, ಮತ್ತೆ ಅಲ್ಲಿಗೇ ಬಂದೆಯಲ್ಲ ಅಣ್ಣು, ನಿನ್ನೆ ಸಂಜೆಯಿಂದ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೀಯ, ಹತ್ತು ಗಂಟೆಗೆ ಜಯಸಿಂಹ ಸಾಹೇಬರು ಮುಲುಂಡಿನಿಂದ ಬಂದುಬಿಡುತ್ತಾರೆ, ಏನು ಹೇಳುತ್ತೀಯ? ಹದಿನೆಂಟು ವರ್ಷ ಸಾಹೇಬರ ಈ ಎರಡು ಹಾಯಿದೋಣಿಗಳನ್ನು ಉಜ್ಜಿದ್ದು, ಬಣ್ಣ ಬಳಿದದ್ದು, ಮಳೆಗಾಲದಲ್ಲಿ ದಡಕ್ಕೆಳೆದು ಹೊದೆಸಿದ್ದು ಅವನೇ, ಹೋದ ವಾರ ಅವರು ಇದೇ ಕಟ್ಟೆಯ ಮೇಲೆ ಕೂತು ಹೇಳಿದರು, ನೋಡಪ್ಪಾ ಅಣ್ಣು, ನನ್ನ ಮಂಡಿ ಇನ್ನು ದೋಣಿ ಹತ್ತಲ್ಲ ಅಂತಿದೆ, ಒಂದನ್ನ ನೀನಿಟ್ಕೋ, ಇನ್ನೊಂದನ್ನ ಮಾರ್ಬಿಡ್ತೀನಿ, ಯಾವುದು ಅಂತ ಗುರುವಾರ ಹೇಳು. ಕೊಡುವವರು ಒಂದನ್ನೇ ಕೊಟ್ಟಿದ್ದರೆ ಕಣ್ಣಿಗೊತ್ತಿಕೊಳ್ಳಬಹುದಿತ್ತು, ಎರಡನ್ನು ತೋರಿಸಿ ಆರಿಸು ಎಂದರೆ ಬಡವ ನಿದ್ದೆ ಮಾಡುವುದೆಲ್ಲಿ.

ಜೋಗೇಶ್ವರಿಯ ಚಾಳನ್ನು ಕೆಡವುತ್ತಾರಂತೆ, ತಿಂಗಳ ಕೊನೆಗೆ ತಮ್ಮ ಒಂದು ಕೋಣೆಯ ಖೋಲಿ ಬಿಡಬೇಕು, ಆಮೇಲೆ ಎಲ್ಲಿಗೆ ಎಂದು ಕೇಳಿದರೆ ಹೆಂಡತಿ ರಾಜೀವಿಯ ಹತ್ತಿರ ಉತ್ತರ ಸಿದ್ಧವಿದೆ, ಇನ್ನೆಲ್ಲಿಗೆ, ನೀರಿಗೆ, ನನ್ನ ಅಪ್ಪ ಮಲ್ಪೆಯಲ್ಲಿ ವರ್ಷದ ಅರ್ಧ ದೋಣಿಯಲ್ಲೇ ಮಲಗ್ತಿದ್ದದ್ದು, ನನಗೆಂಥ ಹೆದರಿಕೆ, ಒಲೆ ಇಡ್ಲಿಕ್ಕೆ ಜಾಗ ಇರುವ ದೋಣಿ ತನ್ನಿ ಮಾರಾಯ್ರೆ, ಗಾಳಿ ತಿಂದು ಬದುಕುವ ದೋಣಿ ನೀವೇ ಇಟ್ಕೊಳ್ಳಿ. ಒಲೆ ಇಡುವ ಜಾಗ ಗೌರಿಯಲ್ಲಿದೆ, ಹೊಟ್ಟೆ ಅಗಲ, ಗಬ್ಬದ ಹಸುವಿನ ನಡಿಗೆ, ಐದು ಜನ ಕೂತು ಅಲಿಬಾಗಿಗೆ ಹೋದರೂ ಲೋಟದ ಚಹಾ ತುಳುಕುವುದಿಲ್ಲ, ಒಳಗೆ ಎರಡು ಹಲಗೆ, ಇಬ್ಬರು ಕಾಲು ಚಾಚಬಹುದು, ಅಡಿಯಲ್ಲಿ ಎರಡು ಗಿಡ್ಡ ಕಾಲು, ಇಳಿತದ ಹೊತ್ತಿಗೆ ವರ್ಸೋವಾದ ಕೆಸರಿನಲ್ಲೂ ನೆಟ್ಟಗೆ ನಿಲ್ಲುತ್ತಾಳೆ. ಮಿಂಚುಳ್ಳಿಗೆ ಆ ಕಾಲಿಲ್ಲ, ಅಡಿಯಲ್ಲಿ ಒಂದೇ ಉದ್ದನೆಯ ಅಲಗು, ನೀರಿಳಿದರೆ ಮಗ್ಗುಲಿಗೆ ಬೀಳುತ್ತಾಳೆ, ಒಳಗೆ ಒದ್ದೆ ಹಾಯಿ ಬಿಟ್ಟರೆ ಒಂದು ಕೊಡಪಾನ ಹಿಡಿಯದು, ಆದರೆ ಗಾಳಿ ಬರುವ ಮೊದಲೇ ಅವಳಿಗೆ ಗೊತ್ತಾಗುತ್ತದೆ, ಚುಕ್ಕಾಣಿಯ ಹಿಡಿ ಅಂಗೈಯಲ್ಲಿ ನಾಡಿಯಂತೆ ಮಿಡಿಯುತ್ತದೆ —

ಅದು ಅಣ್ಣುವಿಗೆ ಹೇಗೆ ಗೊತ್ತು, ಸಂಬಳದ ಆಳು ಪಂದ್ಯದಲ್ಲಿ ಚುಕ್ಕಾಣಿ ಹಿಡಿಯಬಾರದು ಎಂದು ದಡದ ಹಾಯಿದೋಣಿ ಕ್ಲಬ್ಬಿನ ಕಟ್ಟಲೆಯಲ್ಲವೇ. ಗೊತ್ತು, ಎಂಟು ವರ್ಷದ ಹಿಂದೆ ಮಿಂಚುಳ್ಳಿಯಲ್ಲಿ ಹೋದ ಪಂದ್ಯ, ಅಕಾಲದ ಮಳೆ ಗೋಡೆಯ ಹಾಗೆ ಬಂದು ಮುಚ್ಚಿತು, ಸಾಹೇಬರು ವಾಂತಿ ಮಾಡಿ ದೋಣಿಯ ತಳದಲ್ಲಿ ಬಿದ್ದರು, ಅಣ್ಣು ಚುಕ್ಕಾಣಿ ಹಿಡಿದ, ಒಂದು ಗಂಟೆ, ದೇವರಿಗೆ ಮಾತ್ರ ಕಾಣುವ ಒಂದು ಗಂಟೆ, ಮಳೆ ಹರಿದಾಗ ನೋಡಿದರೆ ಉಳಿದ ದೋಣಿಗಳೆಲ್ಲ ಹಿಂದೆ, ಕ್ಲಬ್ಬಿನ ಜಗಲಿ ಮುಂದೆ, ಸಾಹೇಬರನ್ನು ಎಬ್ಬಿಸಿ ಕೂರಿಸಿ ಹಿಡಿಯನ್ನು ಅವರ ಕೈಗಿಟ್ಟ, ಗೆದ್ದವರು ಜಯಸಿಂಹ ಎಂದು ಹಲಗೆಯ ಮೇಲೆ ಬರೆದರು, ಆ ಗಂಟೆಯ ಮಾತನ್ನು ಸಾಹೇಬರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಅದಕ್ಕೇ ನಿನ್ನೆ ಮಾಟುಂಗದ ಗುಡಿಗೆ ಹೋಗಿ ದೇವಿಯ ಮೇಲೆ ಭಾರ ಹಾಕಿದ್ದು, ಭಟ್ಟರು ದೇವಿಯ ಎರಡು ಭುಜಕ್ಕೂ ಒದ್ದೆ ಕೇಪಳ ಹೂ ಅಂಟಿಸಿದರು, ಅಣ್ಣು ಮನಸ್ಸಿನಲ್ಲೇ ಅಂದುಕೊಂಡ, ಬಲಗಡೆ ಬಿದ್ದರೆ ಗೌರಿ, ಎಡಗಡೆ ಬಿದ್ದರೆ ಮಿಂಚುಳ್ಳಿ, ಹೂ ಬಿತ್ತು, ಬಲಕ್ಕೆ ಆಯ್ತು ನೋಡು ಅಂದರು ಭಟ್ಟರು, ಎದುರಿಗೆ ನಿಂತ ಅಣ್ಣುವಿಗೆ ಅದು ತನ್ನ ಎಡಕ್ಕೆ. ಅಂದುಕೊಳ್ಳುವಾಗ ಯಾರ ಬಲ ಎಂದು ಅಂದುಕೊಂಡಿರಲಿಲ್ಲವಲ್ಲ, ಒಂದೇ ಮಾತನ್ನು ದೇವಿಗೆ ಎರಡು ಸಲ ಕೇಳುವ ಹಾಗೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ರಾಜೀವಿ, ದೇವಿ ಏನು ಹೇಳಿದ್ಲು? ಬಲ ಹೇಳಿದ್ಲು. ಹಾಗಾದ್ರೆ ಬಲಗೈಯಲ್ಲಿ ಉಣ್ಣಿ, ಆಗಿಂದ ಎಡಗೈಯಲ್ಲಿ ತಲೆ ತುರಿಸ್ತಾ ಕೂತಿದ್ದೀರಿ! ನಗಬೇಕೆಂದುಕೊಂಡು ತುತ್ತು ಕಲಸುತ್ತಲೇ ಕೂತ, ಅವಳಾಗಲೇ ತಟ್ಟೆ ಪಾತ್ರೆಗಳಲ್ಲಿ ಯಾವುದು ದೋಣಿಗೆ ಯಾವುದು ಬೇಡ ಎಂದು ಬೇರೆ ಮಾಡಿಟ್ಟಿದ್ದಳು. ಆದರೆ ಅಣ್ಣು, ಹೊಸಬರು ದೋಣಿ ಹತ್ತಿದಾಗೆಲ್ಲ ಮೊದಲು ಹೇಳಿಕೊಡುವುದು ನೀನೇ ಅಲ್ಲವೇ, ನೀನು ಯಾವ ಕಡೆ ಮುಖ ಮಾಡಿ ನಿಂತರೂ ಬಲ ಎಂದರೆ ದೋಣಿಯ ಬಲ, ನಿಂತವನ ಬಲ ಅಲ್ಲ, ಹಾಗಾದರೆ ದೇವಿಯ ಬಲ ದೇವಿಯದೇ, ತಾಯಿ, ನನಗೆ ಗೊತ್ತಿತ್ತು, ಹೂ ಬಿದ್ದ ಗಳಿಗೆಯಲ್ಲೇ ಗೊತ್ತಿತ್ತು, ಗೊತ್ತಿಲ್ಲ ಎಂದು ನಾನೇ ನನಗೆ ಹೇಳಿಕೊಂಡೆ.

ಏನಪ್ಪಾ, ಮಂಜನ್ನೇ ಎಣಿಸ್ತಿದ್ದೀಯಾ? ಸಾಹೇಬರು ಬಂದೇಬಿಟ್ಟಿದ್ದಾರೆ. ಗೌರಿ, ಸಾರ್, ಎಂದ, ನಾಲಗೆಗೆ ಹೇಳಿಕೊಡಬೇಕಾಗಲಿಲ್ಲ. ಸಾಹೇಬರು ಅವನ ಮುಖವನ್ನೇ ನೋಡಿದರು. ನಾನು ಮಿಂಚುಳ್ಳಿ ಅಂತೀಯ ಅಂತಿದ್ದೆ ಕಣಯ್ಯ. ರಾಜೀವಿಗೆ ಒಲೆ ಇಡ್ಬೇಕು ಸಾರ್. ಸರಿ, ಮಾರೋಕೆ ಮೊದಲು ಮಿಂಚುಳ್ಳೀನ ಒಂದು ಸುತ್ತು ತರೋಣ ನಡಿ, ಮಂಡಿ ಏನಾದ್ರೂ ಅನ್ಲಿ. ಮಂಜು ಹರಿಯುತ್ತಿದೆ, ಉತ್ತರದ ಗಾಳಿ ಹಾಯಿಗೆ ಹೊಕ್ಕಿದೆ, ಚುಕ್ಕಾಣಿಯಲ್ಲಿ ಸಾಹೇಬರು, ಹಗ್ಗದ ಹತ್ತಿರ ಅಣ್ಣು, ಯಾವಾಗಿನಂತೆ, ಕ್ಲಬ್ಬಿನ ಜಗಲಿಯಲ್ಲಿ ಜನ ಚಹಾ ಕುಡಿಯುತ್ತಿದ್ದಾರೆ, ದುರ್ಬೀನು ಹಿಡಿದವರೂ ಇದ್ದಾರೆ, ಅವರೆಲ್ಲರ ಕಣ್ಣೆದುರಿಗೆ ದೋಣಿ ಬಂದಾಗ ಸಾಹೇಬರು ಎದ್ದರು, ನೋಯುವ ಕಾಲುಗಳನ್ನು ಒಂದೊಂದಾಗಿ ಈಚೆ ಎತ್ತಿಟ್ಟು ಬಂದು ಅಣ್ಣುವಿನ ಕೈಯಿಂದ ಹಗ್ಗ ತೆಗೆದುಕೊಂಡರು, ಕಣ್ಣು ಹಾಯಿಯ ಮೇಲೆ, ಗದ್ದವನ್ನಷ್ಟೇ ಹಿಂದಕ್ಕೆ ಆಡಿಸಿದರು, ಹಿಂದೆ ಚುಕ್ಕಾಣಿ ಒಂಟಿಯಾಗಿ ತೂಗುತ್ತಿದೆ, ಅಣ್ಣು ಹೋಗಿ ಕೂತ, ಹಿಡಿದ, ಮರದಲ್ಲಿ ಇನ್ನೂ ಸಾಹೇಬರ ಅಂಗೈಯ ಬಿಸಿ, ಅದರ ಅಡಿಯಲ್ಲಿ ಆ ಮಿಡಿತ, ಜಗಲಿಯಲ್ಲಿ ಯಾರೋ ಎದ್ದು ನಿಂತರು, ಆ ಮಿಡಿತ, ಆ ಮಿಡಿತ