ಪೆಟ್ಟಿಗೆ ಬಿಚ್ಚುವ ಕ್ರಮ

ಮೂಡುಬಿದಿರೆಯ ಕಸ್ಟಮ್ಸ್ ತರಬೇತಿ ತರಗತಿಯಲ್ಲಿ ಅಂದು ಅಣಕು ತಪಾಸಣೆ. ಗೆದ್ದವರಿಗೆ ಹಾಸ್ಟೆಲ್ ಉಚಿತ. ಸೋತರೆ ಹನಾ ಫರಂಗಿಪೇಟೆಯಿಂದ ದಿನಾ ಬಸ್ಸಿನಲ್ಲಿ ಬರಬೇಕು, ಅದಕ್ಕೆ ಹೆತ್ತ ಉಮ್ಮ ಒಪ್ಪುವವರಲ್ಲ.

ಪ್ರಯಾಣಿಕನಂತೆ ನಟಿಸುತ್ತಿದ್ದ ಸೋಮನಾಥ ಸರ್, ಹಗ್ಗ ಬಿಗಿದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಮೊದಲ ಸರದಿಯ ಸಹಪಾಠಿ ಮನ್ವಿತ್ ಸರಸರನೆ ಹಗ್ಗ ಬಿಚ್ಚಿ, ಸೋಪುಗಳ ಅಡಿಯಿಂದ ನಕಲಿ ಚಿನ್ನದ ಬಿಸ್ಕತ್ತು ತೆಗೆದು ಮೀಸೆ ತಿರುವಿದ.

ಪೆಟ್ಟಿಗೆಯನ್ನು ಮತ್ತೆ ಕಟ್ಟಿ ಹನಾಳ ಮುಂದಿಟ್ಟಾಗ ಒಬ್ಬಳೇ ಬಿಚ್ಚಲು ಅವಳಿಗೆ ಕೈಯೇ ಬರಲಿಲ್ಲ. ಗಲ್ಫಿನಿಂದ ಮಾಮ ತಂದ ಪೆಟ್ಟಿಗೆಯನ್ನು ನೆಂಟರೆಲ್ಲ ಸುತ್ತ ಕೂತ ಮೇಲೆಯೇ ಬಿಚ್ಚಿ ಪಾಲು ಹಂಚುವುದು ಅವಳ ಮನೆಯ ವಾಡಿಕೆ. ಓಡಿಹೋಗಿ ಕ್ಯಾಂಟೀನಿನ ಸೇಸಮ್ಮಕ್ಕನನ್ನೂ ವಾಚ್‌ಮನ್ ಜತ್ತಪ್ಪಣ್ಣನನ್ನೂ ಕರೆತಂದು ಕೂರಿಸಿದಳು.

"ಎಂತ ಮಾರಾಯ್ತಿ, ಮದುವೆ ಉಂಟಾ?" ಎಂದು ಮನ್ವಿತ್ ನಕ್ಕ.

"ನೀನು ನಗಬೇಡ ಮಾರಾಯ. ಸಾಕ್ಷಿಗಳ ಎದುರೇ ಬಿಚ್ಚಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೇನೆ! ಹನಾ ಗೆದ್ದಳು," ಎಂದರು ಸರ್. "ನೆನಪಲ್ಲಿ ಇಟ್ಟುಕೊಂಡದ್ದು ಹೇಗೆ?"

"ಮನೆಯ ಅಭ್ಯಾಸ ಸರ್," ಎನ್ನುತ್ತಾ ಹನಾ ಪೆಟ್ಟಿಗೆ ತೆರೆದಳು. ಅಷ್ಟರಲ್ಲಿ ಸೇಸಮ್ಮಕ್ಕ ಎರಡು ಸೋಪು ಎತ್ತಿ ಸೆರಗಿಗೆ ಸೇರಿಸಿಯಾಗಿತ್ತು.

"ಅಕ್ಕಾ, ಇಲ್ಲಿ ಸಾಕ್ಷಿಗೆ ಪಾಲಿಲ್ಲ!" ಎಂದು ಹನಾ ತನ್ನ ಮೊದಲ ಜಪ್ತಿ ಮಾಡಿದಳು.