ಒಂದು ಲಾಳ, ಎರಡು ಲಾಳ

ಮ್ವಾನ್ಜಾ ಪಟ್ಟಣದಲ್ಲಿ ಶಾಲೆಯ ಸಮವಸ್ತ್ರ ಹೊಲಿಸುತ್ತಿದ್ದ ಮಿಂಜಾಗೆ ಪೇಟೆಯ ಅಂಗಡಿ ಸಾಲದಾಯಿತು. ಕಾರ್ಖಾನೆಗೆ ಜಾಗ ಗೊತ್ತುಮಾಡಲು ಕಿಮಾರೋ ಎಂಬ ಇಂಜಿನಿಯರನನ್ನು ದಾರ್ ಎಸ್ ಸಲಾಮ್‌ನಿಂದ ಕರೆಸಿಕೊಂಡಳು.

ಅವನಿಗೆ ಹಿಡಿಸಿದ್ದು ಹೆದ್ದಾರಿ ಪಕ್ಕದ ಇಗೋಮಾ. ಅವಳ ಮನಸ್ಸಿದ್ದದ್ದು ಬುಹೊಂಗ್ವಾದ ಹಳೆಯ ಹತ್ತಿ ಗೋದಾಮಿನ ಮೇಲೆ.

"ಇಗೋಮಾದಲ್ಲಿ ಲಾರಿ ಬಾಗಿಲಿಗೇ ಬರುತ್ತಮ್ಮಾ. ಬುಹೊಂಗ್ವಾದಲ್ಲಿ ಮಳೆ ಬಂದ್ರೆ ಹೂತೇ ಹೋಗುತ್ತೆ."

"ಅಂಗಿ ಹೊಲಿಯೋದು ಲಾರಿನೇನಪ್ಪಾ? ಹೊಲಿಯೋ ಹೆಂಗಸರೆಲ್ಲ ಇರೋದು ಬುಹೊಂಗ್ವಾದಲ್ಲಿ. ಎರಡೆರಡು ದಲದಲಾ ಬಸ್ಸು ಹತ್ತಿಳಿದು ಇಗೋಮಾಕ್ಕೆ ಬರ್ತಾರಾ? ಮಗೂಗೆ ಜ್ವರ ಬಂದ ದಿನ ಯಂತ್ರದ ಮುಂದೆ ನೀನೇ ಕೂತ್ಕೋಬೇಕು."

ಕಿಮಾರೋ ಬುಹೊಂಗ್ವಾದಲ್ಲಿ ಒಂದು ದಿನ ಓಡಾಡಿ ಬಂದ. ಮನೆಮನೆಯ ಜಗಲಿಯಲ್ಲೂ ಹೊಲಿಗೆ ಯಂತ್ರ ಕಂಡಿತ್ತು. "ರಸ್ತೆಗಾದ್ರೆ ಜಲ್ಲಿ ಹಾಕಿಸಬಹುದು" ಎಂದು ಒಪ್ಪಿಕೊಂಡ.

ಗೋದಾಮಿನಲ್ಲಿ ಅವನು ಯಂತ್ರಗಳನ್ನು ಒಂದರ ಹಿಂದೊಂದು ಇಡಲಿಲ್ಲ. ಕುದುರೆ ಲಾಳದ ಆಕಾರದಲ್ಲಿ ಜೋಡಿಸಿ, ಹೆಂಗಸರನ್ನು ಒಳಮುಖವಾಗಿ ಕೂರಿಸಿದ. ಒಬ್ಬಳ ಕೆಲಸ ಮುಗಿದ ಅಂಗಿ ರಾಶಿ ಬೀಳದೆ ಪಕ್ಕದವಳಿಗೆ ದಾಟಬೇಕು, ತಪ್ಪಿದ್ದರೆ ಅಲ್ಲೇ ಕಾಣಬೇಕು. ಕಾಲರ್ ಕೂರಿಸುವುದು, ತೋಳು ಜೋಡಿಸುವುದು ಎರಡೂ ನಾಜೂಕಿನ ಕೆಲಸ. ಊರಲ್ಲಿ ಯಾರ ಕೈ ಚೆನ್ನ ಎಂದು ವಿಚಾರಿಸಿ, ಕಾಲರಿಗೆ ಕುಲ್ವಾಳನ್ನೂ ತೋಳಿಗೆ ದೋತೋಳನ್ನೂ ಅಕ್ಕಪಕ್ಕ ಕೂರಿಸಿದ. ಇಬ್ಬರೂ ಅವಳಿ ಸೋದರಿಯರು.

ಮೊದಲ ದಿನವೇ ಕೆಲಸ ನಿಂತಿತು. ಕುಲ್ವಾ ಕಾಲರ್ ಕೂರಿಸಿದ ಅಂಗಿಗಳನ್ನು ತನ್ನ ಮುಂದೆಯೇ ಪೇರಿಸಿದಳು. ದೋತೋ ಕೈ ಚಾಚಲಿಲ್ಲ. ಅವಳ ಆಚೆಯವರು ಕೆಲಸವಿಲ್ಲದೆ ಕೂತರು.

"ಪಕ್ಕದವರಿಗೆ ಕೊಡಿ ಅಕ್ಕಾ" ಎಂದ ಕಿಮಾರೋ.

"ಪಕ್ಕದಲ್ಲಿ ಯಾರಿದಾರೆ? ನಂಗ್ಯಾರೂ ಕಾಣ್ತಿಲ್ಲ" ಎಂದಳು ಕುಲ್ವಾ.

ದೋತೋ ತನ್ನ ಯಂತ್ರಕ್ಕೆ ಹೇಳಿದಳು: "ನೋಡಿದ್ಯಾ, ಕಣ್ಣು ಕಾಣ್ದೋರಿಗೆ ಕಾಲರ್ ಕೆಲಸ ಕೊಟ್ಟಿದಾರೆ."

ಎಲ್ಲರೂ ನಕ್ಕರು. ಮಿಂಜಾ ಕಿಮಾರೋನನ್ನು ಹೊರಗೆ ಕರೆದುಕೊಂಡು ಹೋದಳು.

"ಇವರಮ್ಮ ತೀರಿಕೊಂಡಾಗ ಕುಲ್ವಾ ಉಕೆರೆವೆ ದ್ವೀಪದಲ್ಲಿದ್ಲು. ಅವಳ ದೋಣಿ ದಡ ಮುಟ್ಟೋ ಮುಂಚೆ ದೋತೋ ಮಣ್ಣು ಮಾಡಿಬಿಟ್ಲು. ಸುಡುಬಿಸಿಲು, ಇಟ್ಕೊಳ್ಳೋ ಹಾಗಿರ್ಲಿಲ್ಲ ಅಂತಾಳೆ ದೋತೋ. ಅಮ್ಮನ ಮುಖ ನೋಡೋಕೆ ಬಿಡ್ಲಿಲ್ಲ ಅಂತಾಳೆ ಕುಲ್ವಾ. ಇಬ್ರೂ ಸುಳ್ಳು ಹೇಳ್ತಿಲ್ಲ ಕಣಪ್ಪಾ."

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಲಾರಿ ಹತ್ಕೊಂಡು ಇಗೋಮಾಕ್ಕೆ ಹೋಗ್ಬಿಡ್ತಿದ್ದೆ."

ಒಬ್ಬಳನ್ನು ಕೆಲಸದಿಂದ ಬಿಡಿಸುವುದು ಮಿಂಜಾಗೆ ಇಷ್ಟವಿರಲಿಲ್ಲ. ಇಬ್ಬರ ನಡುವೆ ಬುಟ್ಟಿ ಇಟ್ಟರೆ ಅದರಲ್ಲಿ ರಾಶಿ ಬೀಳುತ್ತಿತ್ತು. ಕಿಮಾರೋ ಆ ಲಾಳವನ್ನು ಕಳಚಿ ಎರಡು ಚಿಕ್ಕ ಲಾಳ ಮಾಡಿದ. ಎರಡರಲ್ಲೂ ಪೂರ್ತಿ ಅಂಗಿ ತಯಾರಾಗಬೇಕು. ಒಂದಕ್ಕೆ ಕುಲ್ವಾ ಮುಖ್ಯಸ್ಥೆ, ಇನ್ನೊಂದಕ್ಕೆ ದೋತೋ. ಒಂದೊಂದರಲ್ಲೂ ಜನ ಕಡಿಮೆಯಾದ್ದರಿಂದ ಪ್ರತಿಯೊಬ್ಬಳೂ ಎರಡು ಕೆಲಸ ಕಲಿಯಬೇಕಾಯಿತು. ಆದರೆ ಒಬ್ಬಳು ಬಾರದ ದಿನವೂ ಕೆಲಸ ನಿಲ್ಲಲಿಲ್ಲ. ಅವಳಿಗಳಲ್ಲಿ ಒಬ್ಬಳು ಮುಗಿಸಿದ ಅಂಗಿಗಳನ್ನು ಇನ್ನೊಬ್ಬಳು ಕದ್ದು ನೋಡುತ್ತಿದ್ದಳು. ನೋಡಿದಷ್ಟೂ ಕೈ ಚುರುಕಾಗುತ್ತಿತ್ತು.

ಶಾಲೆ ತೆರೆಯುವ ಮುಂಚಿನ ವಾರ ದೋತೋ ಕಡೆಯ ಕಾಜಾ ಯಂತ್ರ ಕೆಟ್ಟಿತು. ರಿಪೇರಿಯವನು ಮರುದಿನ ಬರುವೆನೆಂದ. ಅಂಗಿಗಳು ಗುಂಡಿಯ ತೂತಿಲ್ಲದೆ ಬಿದ್ದುಕೊಂಡವು. ಸ್ವಲ್ಪ ಹೊತ್ತು ನೋಡಿದ ಕುಲ್ವಾ ಎದ್ದು ಹೋಗಿ, ಒಂದು ಹೊರೆ ಬಾಚಿ ತಂದು, ತನ್ನ ಕಡೆಯ ಯಂತ್ರದಲ್ಲಿ ತಾನೇ ಕಾಜಾ ಹಾಕತೊಡಗಿದಳು. ದೋತೋ ಬಂದು ಪಕ್ಕದಲ್ಲಿ ನಿಂತಳು.

"ಇದು ಸ್ವಲ್ಪ ವಾರೆ ಆಯ್ತು" ಎಂದಳು ದೋತೋ.

"ಆದ್ರೆ ಬಿಚ್ಚು."

ದೋತೋ ಕೂತು ದಾರ ಬಿಚ್ಚಿದಳು. ಕುಲ್ವಾ ತಲೆ ಎತ್ತದೆ ಕೇಳಿದಳು: "ಅಮ್ಮನಿಗೆ ಕೊನೇಲಿ ಏನು ಉಡಿಸಿದ್ದೆ?"

"ನೀಲಿ ಗೌನು. ನೀನು ಹೊಲಿದು ಕಳಿಸಿದ್ಯಲ್ಲ, ಅದೇ."

ಕುಲ್ವಾ ಸೆರಗಿನಂಥ ತನ್ನ ಖಾಂಗಾ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡಳು.

"ತೋಳು ಬಿಗಿ ಆಗಿತ್ತೇನೋ."

"ಇಲ್ಲ, ಸರಿಯಾಗಿತ್ತು."

"ಸರಿ, ಇನ್ನೊಂದು ಅಂಗಿ ಕೊಡು."

ಮಾಲು ಹೊತ್ತಿಗೆ ಸರಿಯಾಗಿ ಹೋಯಿತು. ಊರಿಗೆ ಹೊರಟು ನಿಂತ ಕಿಮಾರೋನನ್ನು ಮಿಂಜಾ ಕೇಳಿದಳು: "ಇನ್ನು ಮೊದಲಿನ ಹಾಗೆ ಒಂದೇ ಲಾಳ ಮಾಡ್ಬಹುದೇನೋ?"

"ಬೇಡಮ್ಮಾ, ಚೆನ್ನಾಗಿ ನಡೀತಿದೆ" ಎಂದ ಅವನು. ಹಾಗಾಗಿ ಲಾಳಗಳು ಎರಡೇ ಉಳಿದವು. ಅವಳಿಗಳು ಆಮೇಲೂ ಹೆಚ್ಚೇನೂ ಮಾತಾಡಲಿಲ್ಲ, ಕೆಲಸದ ಮಾತಷ್ಟೇ.