ಕರೆಮ್ಮ ಬಿತ್ತಿದ ಚಿಪ್ಪು

ತೂಬು ಎತ್ತಿ ಅರ್ಧ ದಿನವಾಯಿತು, ನೀರು ಮಾತ್ರ ಬರಲೊಲ್ಲದು. ಕೆರೆಯಲ್ಲಿ ನೀರಿಲ್ಲವೆಂದಲ್ಲ, ಎದೆಮಟ್ಟ ಇತ್ತು. ಆದರೆ ಏರಿಯ ಕೆಳಗೆ ದನ ಕುಡಿಯುವ ತೊಟ್ಟಿ ಬತ್ತಿತ್ತು, ಹೊಲದ ಪೈರು ತಲೆ ಬಾಗಿಸಿತ್ತು. ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ದಾರಿಯಲ್ಲಿರುವ ಆ ಸಣ್ಣ ಊರಿನ ಜನವೆಲ್ಲ ಏರಿಯ ಮೇಲೆ ನಿಂತಿದ್ದರು. ೧೯೫೫ನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು.

ನೀರಗಂಟಿ ಬಂದೇಸಾಬ ಮುಳುಗಿ ಎದ್ದ. ಕೆರೆಯ ನೀರನ್ನು ಹೊಲಹೊಲಕ್ಕೆ ಹಂಚಿ ಬಿಡುವ ಮುದುಕ ಅವನು. ಅವನ ಮುಷ್ಟಿಯಲ್ಲಿ ಉಗುರಿನಷ್ಟು ಅಗಲದ ಕರಿ ಚಿಪ್ಪುಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿದ್ದವು.

"ತೂಬಿನ ಬಾಯಿ ತುಂಬ ಇವ ಅದಾವ. ಕೈ ತೂರಾಕ ಜಾಗ ಇಲ್ಲ," ಅಂದ.

"ಗಂಗಮ್ಮ ಮುನಿಸ್ಯಾಳ," ಅಂದರು ಯಾರೋ.

ಸುಣ್ಣ ಸುಡುವ ಕರೆಮ್ಮ ಎಲ್ಲರ ಹಿಂದೆ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕರೆಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಮನೆ ಕಡೆ ನಡೆದುಬಿಟ್ಟಳು.

ಗಂಗಮ್ಮನ ಪಾಪ ಇದರಲ್ಲಿ ಏನೂ ಇರಲಿಲ್ಲ. ಮೂರು ವರ್ಷದ ಹಿಂದೆ ಸಿಂಧನೂರ ಕಡೆ ದೊಡ್ಡ ಕಾಲುವೆ ಕಡಿಯುತ್ತಿದ್ದರಲ್ಲ, ಆಗ ಆ ಕೆಲಸಕ್ಕೆಂದು ಲಾರಿಯ ಮೇಲೆ ಒಂದು ಹಳೇ ದೋಣಿ ಬಂದಿತ್ತು, ಹೊಳೆ ಸಮುದ್ರ ಸೇರುವ ಕಡೆಯದು. ದೋಣಿಯೊಳಗೆ ಮೊಣಕಾಲು ಮಟ್ಟ ನೀರು ನಿಂತಿತ್ತು. ಆ ನೀರಲ್ಲಿ ಹಲಗೆಗೆ ಕಚ್ಚಿಕೊಂಡು ಈ ಚಿಪ್ಪುಗಳು ಜೀವ ಹಿಡಿದಿದ್ದವು. ದಾರಿಯಲ್ಲಿ ಲಾರಿ ನಿಂತಿದ್ದಾಗ ಕರೆಮ್ಮನ ಕಣ್ಣು ಅವುಗಳ ಮೇಲೆ ಬಿತ್ತು. ಯುಗಾದಿಗೆ ಗೋಡೆಗೂ ದಿನಾ ಎಲೆಅಡಿಕೆಗೂ ಊರಿಗೆ ಸುಣ್ಣ ಕೊಡುವವಳು ಅವಳೇ. ಸುಣ್ಣಕ್ಕೆ ಬೇಕಾದ ಚಿಪ್ಪನ್ನು ಹಳ್ಳಹಳ್ಳ ಅಲೆದು ಆರಿಸಿ ಅವಳ ಸೊಂಟ ಬಿದ್ದು ಹೋಗಿತ್ತು. ಮನೆ ಮುಂದಿನ ಕೆರೆಯಲ್ಲೇ ಬೆಳೆದರೆ ಅಲೆಯುವುದು ಯಾಕೆ? ಒಂದು ಬೊಗಸೆ ಕೆರೆದು, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಕೆರೆಗೆ ಬಿಟ್ಟಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಮೊದಲ ವರ್ಷ ಕೆಂಪು ನೀರು ತಿಳಿಯಾಯಿತು. ಊರು ಹಿಗ್ಗಿತು, ಕರೆಮ್ಮ ಒಳಗೊಳಗೇ ಹೆಮ್ಮೆಪಟ್ಟಳು. ಎರಡನೇ ವರ್ಷ ಬಲೆಗೆ ಮೀನು ಬೀಳಲಿಲ್ಲ. ಬಿಸಿಲು ತಳ ಮುಟ್ಟಿ ಜೊಂಡು ಎದ್ದಿತು. ಮೂರನೇ ವರ್ಷ ಅವಳ ಗಂಡ ಗ್ಯಾನಪ್ಪ ತೂಬಿನ ಬಳಿ ಇಳಿದಾಗ ಅಲಗಿನಂಥ ಚಿಪ್ಪು ಅಂಗಾಲು ಸೀಳಿತು. ಅರಿಶಿನ ಮೆತ್ತಿಕೊಂಡು ಕೂತ. ಎಂಟು ದಿನಕ್ಕೆ ಕಾಲು ಕರ್ರಗಾಯಿತು. ಲಿಂಗಸುಗೂರ ದವಾಖಾನೆಯವರು ಜೀವ ಉಳಿಸಿದರು, ಮೊಣಕಾಲ ಕೆಳಗಿನದು ಉಳಿಯಲಿಲ್ಲ. ತನ್ನ ಕಾಲು ತಿಂದ ಚಿಪ್ಪು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಕರೆಮ್ಮನ ಬಾಯಿಗೆ ಬಂದದ್ದು ಎಷ್ಟು ಸಲವೋ, ಪ್ರತಿ ಸಲ ಹೆದರಿ ನುಂಗಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಬಂದೇಸಾಬ ಸುಣ್ಣದ ಗೂಡಿನ ಹತ್ತಿರ ಬಂದ, ಎರಡು ಕೈಯಲ್ಲಿ ಎರಡು ತಂಬಿಗೆ. ಗ್ಯಾನಪ್ಪ ಊರುಗೋಲು ಪಕ್ಕಕ್ಕಿಟ್ಟು ಗೂಡಿಗೆ ಇದ್ದಿಲು ಹಾಕುತ್ತಿದ್ದ.

"ತಂಗಿ, ನಾಳಿಗೆ ನಿಮ್ಮ ಹಾರಿ, ಪುಟ್ಟಿ ಎಲ್ಲಾ ಬೇಕು. ತೂಬು ಕೆರದು, ಕೆರಿ ಪೂರಾ ಖಾಲಿ ಮಾಡ್ತೀವಿ."

"ಹುಚ್ಚು ಹಿಡದೈತೇನು ಬಂದೇಸಾಬಣ್ಣ? ಬ್ಯಾಸಗ್ಯಾಗ ಕೆರಿ ಖಾಲಿ ಮಾಡಿದ್ರ ಕುಡ್ಯಾಕ ಏನು?" ಕರೆಮ್ಮ ಹರಿಹಾಯ್ದಳು. "ಚಿಪ್ಪು ಬಂದಮ್ಯಾಲ ನೀರು ಕನ್ನಡಿ ಆಗ್ಯಾವ. ಅವು ಯಾರಿಗೇನು ಮಾಡ್ಯಾವ?"

ಅಂದ ಮೇಲೆ ಗಂಡನ ಮೋಟು ಕಾಲು ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡಳು.

ಬಂದೇಸಾಬ ಜಗಳಕ್ಕೆ ಇಳಿಯಲಿಲ್ಲ. ತಂಬಿಗೆ ಎರಡನ್ನೂ ಅವಳ ಮುಂದಿಟ್ಟ. "ಎರಡರಾಗೂ ಹಳ್ಳದ ರಾಡಿ ನೀರು ತಂದಿದ್ದೆ. ಇದಕ್ಕ ಮುಂಜಾನೆ ಹತ್ತು ಚಿಪ್ಪು ಹಾಕೀನಿ. ನೋಡು."

ಒಂದರಲ್ಲಿ ರಾಡಿ ರಾಡಿಯಾಗಿಯೇ ಇತ್ತು. ಇನ್ನೊಂದು ತಿಳಿಯಾಗಿತ್ತು. ಬಂದೇಸಾಬ ಅದರ ತಳಕ್ಕೆ ಬೆರಳು ಹಾಕಿ ತೆಗೆದ. ಬೆರಳ ತುಂಬ ಲೋಳೆ.

"ನೀರಾಗ ಕಣ್ಣಿಗೆ ಕಾಣದಂಥ ತಿನಿಸು ಇರ್ತೈತಿ. ಮೀನಿನ ಮರಿ ಅದನ್ನ ತಿಂದು ದೊಡ್ಡವಾಗ್ತಾವ. ಇವು ಅದನ್ನೆಲ್ಲಾ ಸೋಸಿ ನುಂಗಿ, ಹೊಲಸು ತಳಕ್ಕ ಬಿಡ್ತಾವ. ತಿಳಿ ಆಗೈತಿ ಅಂತ ನೀವು ಖುಷಿ ಪಟ್ರಿ, ಮೀನು ಉಪಾಸ ಸತ್ತುವು."

"ನಿನಗ ಹೆಂಗ ಗೊತ್ತು?" ಕೇಳಿದ ಗ್ಯಾನಪ್ಪ.

"ಹರೇದಾಗ ಬಂದರದಾಗ ದುಡದೀನಲ್ಲ. ದೋಣಿ ತಳ ಕೆರ್ಯೂದ ನನ್ನ ಕೆಲಸ ಇತ್ತು. ಇವು ನಮ್ಮ ಸೀಮಿ ಜೀವ ಅಲ್ಲ. ಯಾರೋ ತಂದಾರ. ಒಂದು ತಿಂಗಳು ಕೆರಿ ತಳ ಬಿಸಿಲಿಗೆ ಬಿರಿಬೇಕು, ಕೆರದಿದ್ದೆಲ್ಲಾ ಬೆಂಕಿಗೆ ಹೋಗಬೇಕು. ನೀರಿಗೆ ನಾವು ಹರದಾರಿ ನಡಿಯೂಣು. ಆದ್ರ ನನ್ನ ಅಂಜಿಕಿ ಅದಲ್ಲ. ಯಾರರೆ ಒಂದು ಬೊಗಸಿ ಒಯ್ದು ಕಾಲುವಿಗೆ ಬಿಟ್ರಪಾ ಅಂದ್ರ? ಕಾಲುವಿ ನೀರು ಯಾವ್ಯಾವ ಊರಿಗೆ ಹೋಗ್ತೈತಿ, ಅಷ್ಟೂ ಊರಿಗೆ ಇವು ಹೋಗ್ತಾವ. ಕಾಲುವಿ ಒಣಗಿಸಾಕ ನಿನ್ನಿಂದ ಆಗ್ತೈತೋ, ನನ್ನಿಂದ ಆಗ್ತೈತೋ?"

ಕರೆಮ್ಮ ತಿರುಗಿ ಮನೆಯ ಬಾಗಿಲು ನೋಡಿದಳು. ವಳಕಮದಿನ್ನಿಗೆ ಕೊಟ್ಟ ಮಗಳು ಗ್ಯಾನಮ್ಮ ಊರಿಗೆ ಹೊರಡಲು ಒಳಗೆ ಗಂಟು ಕಟ್ಟುತ್ತಿದ್ದಳು. ಅಲ್ಲಿ ಅವರ ಮನೆ ಕಾಲುವೆಯ ದಂಡೆಗೇ ಇತ್ತು. ಅವರೂ ಸುಣ್ಣ ಸುಡುವವರೇ. ಈ ಕೆರೆಯ ಚಿಪ್ಪು ಹೋದರೂ ಬೀಜ ಉಳಿಯಲಿ ಎಂದು ನಿನ್ನೆ ಕರೆಮ್ಮನೇ ಒಂದು ಮಣ್ಣಿನ ಮಗಿ ತುಂಬ ಚಿಪ್ಪು ಹಾಕಿ, ಒದ್ದೆ ಗೋಣಿ ಮುಚ್ಚಿ, ಮಗಳ ಗಂಟಿನ ಪಕ್ಕ ಇಟ್ಟಿದ್ದಳು.

ಒಳಗೆ ಓಡಿದಳು. ಗ್ಯಾನಮ್ಮ ಮಗಿಯನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಲ ಬಾಗಿಲು ದಾಟುತ್ತಿದ್ದಳು. ಹೊರಗೆ ಬಂಡಿ ನಿಂತಿತ್ತು.

"ಕೊಡು ಇಲ್ಲಿ."

"ಯಾಕಬೇ ಯವ್ವಾ? ನೀನ ಕೊಟ್ಟಿಯಲ್ಲ? ನಾಲ್ಕು ಬಿಟ್ರ ನಾಲ್ಕು ಸಾವಿರ ಆಗ್ತಾವ ಅಂದಿದ್ದಿ."

"ಅದಕ್ಕ ಬ್ಯಾಡ ಅನ್ನಾಕತ್ತೀನಿ. ಕೊಡು!"

ಮಗಿ ಕಸಿದುಕೊಂಡು ಗೂಡಿನ ಮುಂದೆ ಬಂದಳು. ಸುಮ್ಮನೆ ಬೆಂಕಿಗೆ ಸುರಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಮೂರು ವರ್ಷದಿಂದ ಹೊಟ್ಟೆಯಲ್ಲಿದ್ದದ್ದು ಇನ್ನು ಒಳಗಿರಲು ಒಪ್ಪಲಿಲ್ಲ.

"ನೋಡ್ರಿ," ಅಂದಳು ಗಂಡನಿಗೆ. "ಈ ಚಿಪ್ಪು ಕೆರಿಗೆ ತಂದು ಬಿಟ್ಟಾಕಿ ನಾನ. ಸಿಂಧನೂರ ದಾರ್ಯಾಗ ದೋಣಿ ಬಂದಿತ್ತಲ್ಲ, ಅದರದು. ನಿಮ್ಮ ಕಾಲು ಹೋಗಿದ್ದು ನನ್ನಿಂದ್ರಿ."

ಬಂದೇಸಾಬ ನೆಲ ನೋಡಿದ. ಹಿಂದೆಯೇ ಬಂದಿದ್ದ ಗ್ಯಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗ್ಯಾನಪ್ಪ ಹೆಂಡತಿಯನ್ನು ನೋಡಿದ, ತನ್ನ ಮೋಟು ಕಾಲನ್ನು ನೋಡಿದ. ಗೂಡಿನ ಬಾಯಿ ಕಡೆ ಸರಿದು ಇನ್ನೊಂದು ಹಿಡಿ ಇದ್ದಿಲು ಹಾಕಿದ.

"ಆಗ ಹೇಳಿದ್ರ ನಾ ನೀರಿಗೆ ಇಳೀತಿದ್ದಿಲ್ಲ," ಅಂದ ಕಡೆಗೆ. "ಬೆಂಕಿ ಐತಿ. ಹಾಕು."

ಹಾಕಿದಳು. ಚಿಪ್ಪುಗಳು ಚಟಚಟನೆ ಸಿಡಿದವು.

ಮರುದಿನ ಏರಿಯ ಮೇಲೆ ಊರ ಮುಂದೆಯೂ ಹೇಳಿದಳು. ಕೆಲವರು ಬೈದರು, ಒಬ್ಬಾಕೆ ಅವಳ ಮುಂದೆಯೇ ಉಗುಳಿದಳು. ಕರೆಮ್ಮ ಎಲ್ಲವನ್ನೂ ನುಂಗಿಕೊಂಡು, ಕಾಲಿಗೆ ದಪ್ಪ ಚರ್ಮದ ಎಕ್ಕಡ ಕಟ್ಟಿ ತೂಬಿಗೆ ಮೊದಲು ಇಳಿದಳು. ಕೆರೆ ಖಾಲಿಯಾಯಿತು, ತಳ ನಲವತ್ತು ದಿನ ಬಿಸಿಲಿಗೆ ಬಿರಿಯಿತು, ಹೆಂಗಸರು ಹರದಾರಿ ನಡೆದು ನೀರು ಹೊತ್ತರು. ದಿನಾ ಆ ಸಾಲಿನ ಕೊನೆಯಲ್ಲಿ ಕರೆಮ್ಮ ಒಬ್ಬಳೇ ಬರುತ್ತಿದ್ದಳು, ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಮಳೆ ಬಂದು ಕೆರೆ ತುಂಬಿತು. ಮರುವರ್ಷ ತೂಬಿನ ಕಲ್ಲಿನ ಸಂದಿಯಲ್ಲಿ ಮತ್ತೆ ಒಂದು ಗೊಂಚಲು ಸಿಕ್ಕಿತು. ಅದನ್ನೂ ಸುಟ್ಟರು. ಬಿತ್ತುವುದು ಒಂದು ದಿನದ ಕೆಲಸ, ಕೀಳುವುದು ಜೀವಮಾನದ್ದು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ಕರೆಮ್ಮನನ್ನು ಬೈದು ಎದ್ದು ಹೋಗಬೇಡಿ. ಒಂದು ಕೆರೆಯ ಮೀನು, ಚಿಪ್ಪು, ಜೊಂಡು, ಏನನ್ನೂ ಇನ್ನೊಂದು ನೀರಿಗೆ ಒಯ್ಯಬೇಡಿ. ಬಲೆಯನ್ನೋ ದೋಣಿಯನ್ನೋ ಬೇರೆ ಕೆರೆಗೆ ಇಳಿಸುವ ಮುಂಚೆ ಉಜ್ಜಿ, ಒಳಗಿನ ನೀರು ದಂಡೆಯ ಮೇಲೆ ಚೆಲ್ಲಿ, ಗರಿಗರಿ ಆಗುವ ತನಕ ಬಿಸಿಲಿಗೆ ಒಣಗಿಸಿ. ಹೊಸ ಚಿಪ್ಪು ಕಂಡರೆ ನೀರಗಂಟಿಗೆ ತೋರಿಸಿ. ಮತ್ತೆ, ತಿಳಿಯದೆ ನೀವೇ ತಂದು ಬಿಟ್ಟಿದ್ದರೆ, ಬೈಸಿಕೊಂಡರೂ ಸರಿ, ಇವತ್ತೇ ಹೇಳಿ. ಕರೆಮ್ಮ ಹೇಳುವಷ್ಟರಲ್ಲಿ ಅವಳ ಗಂಡನಿಗೆ ಒಂದೇ ಕಾಲು ಉಳಿದಿತ್ತು.